ಮರಳಿನಿಂದ ಬಾಲ ಬಿಡದ ಮೀನು

ಪ್ರಶ್ನೆ: ಮಾಲ್ಡೀವ್ಸ್‌ಗೆ ಹೋಗಿದ್ದಾಗ ನಾನೂ ನಮ್ಮ ಯಜಮಾನರೂ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡಿದೆವು. ಹವಳದ ದಿಬ್ಬ ಮುಗಿದು ಬಿಳಿ ಮರಳು ಶುರುವಾಗುವ ಕಡೆ ತೆಳ್ಳನೆಯ ಕಡ್ಡಿಗಳಂಥವು ನೂರಾರು ನೆಲದಿಂದ ಎದ್ದು, ಎಲ್ಲವೂ ಒಂದೇ ದಿಕ್ಕಿಗೆ ಬಾಗಿ ತೂಗಾಡುತ್ತಿದ್ದವು. ಹುಲ್ಲು ಅಂದುಕೊಂಡು ಹತ್ತಿರ ಹೋದರೆ ಒಂದೊಂದಾಗಿ ಮರಳೊಳಗೆ ಇಳಿದುಬಿಟ್ಟವು. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ಬರೀ ಮರಳು. ಮೇಲೆ ಬಂದಮೇಲೆ ನಮ್ಮ ಗೈಡ್ ‘ಗಾರ್ಡನ್ ಈಲ್’ ಅಂದರು. ಇದು ಹಾವೋ, ಮೀನೋ? ಕಚ್ಚುತ್ತದೆಯೇ? ಬಾಲವನ್ನು ಸದಾ ಹೂತುಕೊಂಡೇ ಇದ್ದರೆ ಊಟ, ಸಂಸಾರ ಎಲ್ಲ ಹೇಗೆ? ಮನೆಯಲ್ಲಿ ಮಗ ಅಕ್ವೇರಿಯಂನಲ್ಲಿ ಇವನ್ನು ಸಾಕೋಣ ಅಂತ ಹಟ ಹಿಡಿದಿದ್ದಾನೆ. ಅವನಿಗೆ ಏನು ಹೇಳಲಿ?

– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ನೀವು ನೋಡಿದ್ದು ಗಾರ್ಡನ್ ಈಲ್‌ಗಳ ಗುಂಪು. ಮಾಲ್ಡೀವ್ಸ್‌ನ ಮರಳಿನ ಇಳಿಜಾರಿನಲ್ಲಿ ಹೆಚ್ಚಾಗಿ ಕಣ್ಣಿಗೆ ಬೀಳುವುದು ಚುಕ್ಕೆ ಗಾರ್ಡನ್ ಈಲ್. ವಿಜ್ಞಾನದಲ್ಲಿ ಅದರ ಹೆಸರು ಹೆಟೆರೊಕಾಂಗರ್ ಹಾಸ್ಸಿ. ಬಿಳಿ ಮೈ ತುಂಬ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಕಪ್ಪು ಚುಕ್ಕೆ. ಕಿವಿರಿನ ಹತ್ತಿರ ಒಂದು ದೊಡ್ಡ ಕಪ್ಪು ಮಚ್ಚೆ, ಅದರಿಂದ ಸಾಕಷ್ಟು ಕೆಳಗೆ ಇನ್ನೊಂದು. ಹಾಗಿದ್ದರೆ ನೀವು ನೋಡಿದ್ದು ಅದೇ ಅಂತ ಧೈರ್ಯವಾಗಿ ಹೇಳಬಹುದು. ನಿಮ್ಮ ಫೋಟೋದಲ್ಲಿ ಎರಡನೆಯ ಮಚ್ಚೆ ಕಾಣದಿದ್ದರೆ ಗಾಬರಿಯಾಗಬೇಡಿ. ಪ್ರಾಣಿ ನೆಮ್ಮದಿಯಾಗಿ ಉದ್ದಕ್ಕೆ ಎದ್ದು ನಿಂತಾಗ ಮಾತ್ರ ಅದು ಮರಳಿನಿಂದ ಹೊರಗೆ ಬರುತ್ತದೆ. ನಿಮ್ಮನ್ನು ನೋಡಿದ ಮೇಲೆ ಅವು ನೆಮ್ಮದಿಯಾಗಿ ಇದ್ದಿರಲಾರವು.

ಹಾವಲ್ಲ, ಮೀನು. ಮೈಕಟ್ಟು ನೋಡಿದರೆ ಹಾವೆನ್ನಿಸುವುದು ಸಹಜ. ಆದರೆ ಇದಕ್ಕೆ ಕಿವಿರಿದೆ, ನೀರಿನಿಂದಲೇ ಉಸಿರಾಟ. ಬೆನ್ನುದ್ದಕ್ಕೂ ರಿಬ್ಬನ್ನಿನಂತೆ ಒಂದು ಈಜುರೆಕ್ಕೆ ಓಡುತ್ತದೆ. ನಮ್ಮ ಮಲ್ಪೆ, ಕಾರವಾರದ ಕಡೆ ಬಲೆಗೆ ಸಿಕ್ಕಿ ಮೀನುಗಾರರನ್ನು ಹೆದರಿಸುವ ಕಡಲ ಹಾವೇ ಬೇರೆ. ಅದಕ್ಕೆ ಇರುವುದು ಶ್ವಾಸಕೋಶ, ಉಸಿರಿಗಾಗಿ ಅದು ನೀರಿನ ಮೇಲ್ಮೈಗೆ ಬರಲೇಬೇಕು. ಅದರ ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ, ವಿಷ ಘೋರ. ಗಾರ್ಡನ್ ಈಲ್‌ಗೆ ವಿಷವಿಲ್ಲ. ಬಾಯಿ ಎಷ್ಟು ಚಿಕ್ಕದೆಂದರೆ ನಿಮ್ಮ ಬೆರಳನ್ನು ಕಚ್ಚಬೇಕೆಂದರೂ ಕಚ್ಚಲಾರದು. ಅಷ್ಟು ಹತ್ತಿರಕ್ಕೆ ಅದು ನಿಮ್ಮನ್ನು ಬಿಟ್ಟುಕೊಳ್ಳುವುದೂ ಇಲ್ಲ.

ಈಲ್ ಜಾತಿಯ ಮೀನುಗಳು ಲೋಕದಲ್ಲಿ 800ಕ್ಕೂ ಹೆಚ್ಚು. ಅವುಗಳಲ್ಲಿ ಕಾಂಗರ್ ಎಂಬ ಕುಟುಂಬದ ಒಂದು ಕವಲು ಈ ಗಾರ್ಡನ್ ಈಲ್‌ಗಳದು. ಕುಟುಂಬದ ದೊಡ್ಡಣ್ಣ ಯುರೋಪಿನ ಕಾಂಗರ್ ಮನುಷ್ಯನಿಗಿಂತ ಉದ್ದ ಬೆಳೆದೀತು. ಚುಕ್ಕೆ ಗಾರ್ಡನ್ ಈಲ್ ಹೆಚ್ಚೆಂದರೆ 40 ಸೆಂಟಿಮೀಟರ್; ಒಂದು ಮೊಳಕ್ಕೂ ಕಡಿಮೆ. ದಪ್ಪ ಕಿರುಬೆರಳಿನಷ್ಟು. ಆ ಮೊಳದಲ್ಲಿ ನಮ್ಮ ಕಣ್ಣಿಗೆ ಕಾಣುವುದು ಒಂದು ಪಾಲು ಮಾತ್ರ, ಉಳಿದದ್ದು ಸದಾ ಮರಳೊಳಗೆ. ಕೆಂಪು ಸಮುದ್ರದಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗೆ, ಸುಮಾರು 7 ಮೀಟರ್‌ನಿಂದ 45 ಮೀಟರ್ ಆಳದವರೆಗೆ, ನೀರು ಹರಿದಾಡುವ ಮರಳಿನ ಬಯಲು ಎಲ್ಲಿದೆಯೋ ಅಲ್ಲಿ ಇವುಗಳ ವಾಸ.

ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಬಾಲ ಹೂತುಕೊಂಡು ಬದುಕುವುದು ಹೇಗೆ? ನನ್ನ ಮಟ್ಟಿಗೆ ಈ ಮೀನಿನ ಇಡೀ ಕಥೆ ಇರುವುದು ಇಲ್ಲೇ. ಇದರ ಕಣ್ಣು, ಬಾಯಿ, ಬಾಲ, ಬಾಗುವ ಬಗೆ, ಜಗಳ, ಮದುವೆ ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಹೆಣೆದುಕೊಂಡಿವೆ: ಈ ಕ್ಷಣ ಮೈಯಲ್ಲಿ ಎಷ್ಟು ಭಾಗ ಹೊರಗಿಡಬೇಕು, ಎಷ್ಟು ಒಳಗಿಡಬೇಕು? ಹೊರಗಿದ್ದಷ್ಟೂ ಊಟ ಹೆಚ್ಚು, ಒಳಗಿದ್ದಷ್ಟೂ ಜೀವಕ್ಕೆ ಕ್ಷೇಮ. ಬೆಳಗಿನಿಂದ ಸಂಜೆವರೆಗೆ ಅದು ಈ ಲೆಕ್ಕವನ್ನೇ ಹಾಕುತ್ತಿರುತ್ತದೆ.

ಮೊದಲು ಮನೆ. ಮರಳಿನಲ್ಲಿ ಬಿಲ ತೋಡಿದರೆ ನಿಲ್ಲುವುದಿಲ್ಲ. ಕಡಲ ತೀರದಲ್ಲಿ ಗುಂಡಿ ತೋಡಿ ಆಡಿದ ಮಕ್ಕಳಿಗೆಲ್ಲ ಇದು ಗೊತ್ತು. ತೋಡಿದಷ್ಟೂ ಬದಿ ಕುಸಿಯುತ್ತದೆ. ಗಾರ್ಡನ್ ಈಲ್ ಇದಕ್ಕೆ ಮಾಡಿಕೊಂಡಿರುವ ಉಪಾಯ ಎರಡು ಭಾಗದ್ದು. ಮಿಕ್ಕ ಮೀನುಗಳ ಹಾಗೆ ಇದರ ಬಾಲ ಬೀಸಣಿಗೆಯಾಗಿಲ್ಲ, ಗಟ್ಟಿಯಾದ ಚೂಪು ತುದಿಯಾಗಿದೆ. ಆ ತುದಿಯನ್ನು ಮರಳಿಗೆ ಚುಚ್ಚಿ, ಮೈಯನ್ನು ಅಲೆಯಲೆಯಾಗಿ ಅದುರಿಸುತ್ತ ಹಿಮ್ಮುಖವಾಗಿ ಕೆಳಗಿಳಿಯುತ್ತದೆ. ಇಳಿಯುತ್ತಿದ್ದಂತೆ ಚರ್ಮದಿಂದ ಲೋಳೆ ಒಸರುತ್ತದೆ. ಆ ಲೋಳೆ ಸುತ್ತಲಿನ ಮರಳ ಕಣಗಳನ್ನು ಹಿಡಿದು ಕೂರಿಸುತ್ತದೆ, ಸಡಿಲ ಮಣ್ಣಿನಲ್ಲಿ ಬಾವಿ ತೋಡುವವರು ಕುಸಿಯದಿರಲೆಂದು ರಿಂಗು ಇಳಿಸುವ ಹಾಗೆ. ಬಿಲ ನೇರ ಕೊಳವೆಯಲ್ಲ, ಸ್ವಲ್ಪ ಸೊಟ್ಟ. ಒಳಗೆ ಮೈ ಬಳುಕಿಸಿ ಒತ್ತಿ ಹಿಡಿದುಕೊಂಡರೆ ಹೊರಗಿನಿಂದ ಯಾರು ಎಳೆದರೂ ಸುಲಭವಾಗಿ ಬರುವುದಿಲ್ಲ. ಎದೆಯ ಪಕ್ಕದ ಈಜುರೆಕ್ಕೆಗಳು ಇದ್ದೂ ಇಲ್ಲದಷ್ಟು ಚಿಕ್ಕವು. ಬಿಲದಲ್ಲಿ ಹತ್ತಿ ಇಳಿಯುವವನಿಗೆ ಪಕ್ಕಕ್ಕೆ ಚಾಚಿದ ರೆಕ್ಕೆ ಬರೀ ತೊಡಕು.

ಈಗ ಊಟ. ನೀವು ಗಮನಿಸಿದ್ದು ಬಹಳ ಚೆನ್ನಾಗಿದೆ: ಎಲ್ಲವೂ ಒಂದೇ ದಿಕ್ಕಿಗೆ ಬಾಗಿದ್ದವು. ಅವು ಮುಖ ಮಾಡಿದ್ದು ನೀರಿನ ಹರಿವಿಗೆ ಎದುರಾಗಿ. ಹರಿವು ಹೊತ್ತು ತರುವ ಪ್ಲವಕವೇ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳೇ, ಇವುಗಳ ಆಹಾರ. ಅದರಲ್ಲೂ ಕೋಪೆಪಾಡ್ ಎಂಬ, ಗಸಗಸೆ ಕಾಳಿನಷ್ಟಿರುವ ಸಿಗಡಿಯ ದೂರದ ಬಂಧುಗಳು. ಜೊತೆಗೆ ಬೇರೆ ಮೀನುಗಳ ಮೊಟ್ಟೆ. ಬಾಯಿ ತೆರೆದುಕೊಂಡು ನೀರು ಸೋಸುತ್ತ ನಿಲ್ಲುವ ಪ್ರಾಣಿ ಇದಲ್ಲ. ಒಂದೊಂದು ಕಣವನ್ನೂ ಕಣ್ಣಲ್ಲಿ ನೋಡಿ, ಗುರಿಯಿಟ್ಟು ಹೆಕ್ಕುತ್ತದೆ. ಅದಕ್ಕೇ ಅಷ್ಟು ಸಣ್ಣ ತಲೆಯಲ್ಲಿ ಅಷ್ಟು ದೊಡ್ಡ ಕಣ್ಣು, ಮೇಲ್ಮುಖವಾಗಿ ತೆರೆಯುವ ಪುಟ್ಟ ಬಾಯಿ. ಅದಕ್ಕೇ ಹಗಲಿನಲ್ಲಿ ಮಾತ್ರ ಕೆಲಸ. ಕತ್ತಲಾಗುತ್ತಿದ್ದಂತೆ ಇಡೀ ಬಯಲು ಬಿಲ ಸೇರುತ್ತದೆ.

ಮಾಲ್ಡೀವ್ಸ್‌ನಲ್ಲೇ, ಹನ್ನೆರಡು ಮೀಟರ್ ಆಳದ ಮರಳಿನ ಮೇಲೆ ಬೋರಲು ಮಲಗಿ ಒಮ್ಮೆ ಒಂದೇ ಒಂದು ಈಲನ್ನು ಇಪ್ಪತ್ತು ನಿಮಿಷ ನೋಡಿದ್ದೇನೆ. ಮೊದಲ ಏಳೆಂಟು ನಿಮಿಷ ಅದರ ತಲೆ ಮಾತ್ರ ಮರಳಿನಿಂದ ಎರಡು ಬೆರಳು ಮೇಲಿತ್ತು. ಆಮೇಲೆ ನೂಲು ಬಿಚ್ಚಿದಂತೆ ಎದ್ದಿತು. ಕುತ್ತಿಗೆಯ ಭಾಗ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಬಾಗಿತ್ತು. ಮೊದಲು ತಿರುಗಿದ್ದು ಕಣ್ಣು. ನನಗೆ ಏನೂ ಕಾಣದ ಜಾಗದಲ್ಲಿ ಅದಕ್ಕೆ ಏನೋ ಕಂಡಿತ್ತು. ತಲೆ ಒಂದು ಅಂಗುಲ ಮುಂದೆ ಚಿಮ್ಮಿತು, ದವಡೆ ಟಕ್ಕೆಂದು ಮುಚ್ಚಿತು, ತಲೆ ಹಿಂದೆ ಬಂತು. ಮತ್ತೆ ಕಾಯುವುದು. ಒಂದು ಸಲ ತುತ್ತು ತಪ್ಪಿ ಪಕ್ಕದಿಂದ ತೇಲಿಹೋಯಿತು. ಈಲ್ ಮೈಯನ್ನು ಬಿಲದ ಸುತ್ತ ಅರ್ಧ ಸುತ್ತು ತಿರುಗಿಸಿ ಹಿಂಬದಿಯಿಂದ ಅದನ್ನು ಹಿಡಿಯಲು ನೋಡಿತು, ಸಿಗಲಿಲ್ಲ. ತಪ್ಪಿಸಿಕೊಂಡ ತುತ್ತಿನ ಹಿಂದೆ ಬೇರೆ ಮೀನಾಗಿದ್ದರೆ ಈಜಿಕೊಂಡು ಹೋಗುತ್ತಿತ್ತು. ಇದು ಹೋಗಲಿಲ್ಲ. ಮತ್ತೆ ಹರಿವಿಗೆ ಮುಖ ಮಾಡಿ ನಿಂತಿತು.

ಹೋಗದೆ ಇರುವುದರಲ್ಲಿ ನಷ್ಟವಿದೆ ಅನ್ನಿಸುತ್ತದೆ, ಅಲ್ಲವೇ? ಲೆಕ್ಕ ಹಾಕಿ ನೋಡಿ. ನೀರು ಸೆಕೆಂಡಿಗೆ 20 ಸೆಂಟಿಮೀಟರ್ ಹರಿದರೆ, ಒಂದು ಗಂಟೆಯಲ್ಲಿ 720 ಮೀಟರ್ ಉದ್ದದ ನೀರು ಆ ಈಲಿನ ಬಾಯಿ ಮುಂದೆ ದಾಟಿ ಹೋಗುತ್ತದೆ. ಅಷ್ಟು ದೂರ ಈಜಿ ಹುಡುಕಬೇಕಾದ ಊಟ ನಿಂತಲ್ಲಿಗೇ ಬಂತು, ಖರ್ಚಿಲ್ಲದೆ. ಹರಿವಿನಲ್ಲಿ ಒಂದೇ ಕಡೆ ನಿಲ್ಲಲು ಬೇರೆ ಮೀನುಗಳು ಬಿಡುವಿಲ್ಲದೆ ಬಾಲ ಬಡಿಯಬೇಕು. ಇದಕ್ಕೆ ಆ ಶ್ರಮವೂ ಇಲ್ಲ, ಬಾಲವೇ ಲಂಗರು. ಇದರಲ್ಲಿ ಒಂದೇ ತೊಂದರೆ. ನೀರಿನ ವೇಗ ಎರಡರಷ್ಟಾದರೆ ಮೈಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಗಾಳಿಗೆ ಸಿಕ್ಕ ಬಾಳೆ ಗಿಡದ ಹಾಗೆ ನೆಟ್ಟಗೆ ನಿಂತರೆ ಮುರಿದು ಬೀಳಬೇಕಾದೀತು.

ಈ ಇಕ್ಕಟ್ಟನ್ನು ಈಲ್ ಹೇಗೆ ನಿಭಾಯಿಸುತ್ತದೆ ಎಂಬುದನ್ನು ಜಪಾನಿನ ಒಕಿನಾವಾದಲ್ಲಿ ವಿಜ್ಞಾನಿಗಳು ಚೆನ್ನಾಗಿ ಅಳೆದು ನೋಡಿದ್ದಾರೆ. 2022ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮರಳು ತುಂಬಿದ ತೊಟ್ಟಿಯಲ್ಲಿ ಚುಕ್ಕೆ ಗಾರ್ಡನ್ ಈಲ್‌ಗಳನ್ನೇ ಇಟ್ಟು, ನೀರನ್ನು ಬೇರೆಬೇರೆ ವೇಗದಲ್ಲಿ ಹರಿಸಿ, ಹಲವು ಕ್ಯಾಮೆರಾಗಳಿಂದ ಅವುಗಳ ಪ್ರತಿ ಚಲನೆಯನ್ನು ಮೂರು ಆಯಾಮದಲ್ಲಿ ಹಿಡಿದರು. ಹರಿವು ನಿಧಾನವಿದ್ದಾಗ ಈಲ್‌ಗಳು ಉದ್ದಕ್ಕೆ ಎದ್ದು ಅತ್ತಿತ್ತ ಬಾಗಿ ಹೆಕ್ಕಿದವು. ವೇಗ ಹೆಚ್ಚಿದಂತೆ ಮೈಯನ್ನು ಹೆಚ್ಚು ಹೆಚ್ಚು ಬಿಲದೊಳಗೆ ಎಳೆದುಕೊಂಡವು, ಉಳಿದ ಭಾಗವನ್ನು ಹರಿವಿನ ಜೊತೆ ಬಾಗಿಸಿದವು. ಹೊರಗಿರುವ ಮೈ ಕಡಿಮೆಯಾದರೂ ಊಟ ಕಡಿಮೆಯಾಗಲಿಲ್ಲ. ವೇಗದ ನೀರು ಅದೇ ಹೊತ್ತಿನಲ್ಲಿ ಹೆಚ್ಚು ತುತ್ತು ತರುತ್ತಿತ್ತಲ್ಲ. ಸೆಕೆಂಡಿಗೆ 20 ಸೆಂಟಿಮೀಟರ್‌ವರೆಗೂ ಹೀಗೆ ನಡೆಯಿತು. 25ಕ್ಕೆ ಏರಿಸಿದಾಗ ಮಾತ್ರ ಈಲ್‌ಗಳು ತಿನ್ನುವುದು ಕಡಿಮೆಯಾಯಿತು. ಕೆಂಪು ಸಮುದ್ರದಲ್ಲಿ ಇದರ ಇನ್ನೊಂದು ಬಂಧುವನ್ನು ಕಡಲಲ್ಲೇ ಗಮನಿಸಿದ ವಿಜ್ಞಾನಿಗಳೂ ಹರಿವು ಜೋರಾದಂತೆ ನೆಟ್ಟಗಿನ ಮೈ ಕಮಾನಾಗುವುದನ್ನು ಕಂಡಿದ್ದರು. ಕೆಳಕ್ಕೆ ಇಳಿದು ಬಾಗುವುದಕ್ಕೆ ಇನ್ನೂ ಒಂದು ಲಾಭವಿದೆ: ನೆಲಕ್ಕೆ ಹತ್ತಿರವಾದಷ್ಟೂ ನೀರಿನ ವೇಗ ಕಡಿಮೆ.

ಮಾಲ್ಡೀವ್ಸ್‌ಗೆ ಮತ್ತೆ ಹೋದರೆ ಇದನ್ನು ನೀವೇ ಪರೀಕ್ಷಿಸಬಹುದು. ಈಶಾನ್ಯ ಮಾನ್ಸೂನಿನ ತಿಂಗಳುಗಳಲ್ಲಿ ಅಲ್ಲಿ ಕಡಲಿನ ಹರಿವು ಹೆಚ್ಚಾಗಿ ಪೂರ್ವದಿಂದ ಪಶ್ಚಿಮಕ್ಕೆ, ನೈಋತ್ಯ ಮಾನ್ಸೂನಿನಲ್ಲಿ ತಿರುವು ಮುರುವು. ಅದರ ಮೇಲೆ ದಿನದ ಉಬ್ಬರ ಇಳಿತ ಬೇರೆ. ಡೈವ್ ಶುರುವಿನಲ್ಲಿ ಒಂದು ಕಡೆ ಮುಖ ಮಾಡಿದ್ದ ಬಯಲು, ಉಬ್ಬರ ತಿರುಗಿದ ಮೇಲೆ ಪೂರ್ತಿ ಇನ್ನೊಂದು ಕಡೆ ತಿರುಗಿ ನಿಂತಿರುತ್ತದೆ. ಅನುಭವಸ್ಥ ಡೈವರ್‌ಗಳು ಹರಿವಿನ ದಿಕ್ಕು ತಿಳಿಯಲು ಈಲ್‌ಗಳನ್ನೇ ನೋಡುವುದುಂಟು.

ಗುಂಪಾಗಿ ಇರುವುದೇಕೆ? ಒಳ್ಳೆಯ ಜಾಗ ಎಲ್ಲೆಂದರಲ್ಲಿ ಸಿಗುವುದಿಲ್ಲ. ಮರಳು ಸರಿಯಾದ ಹದದ್ದಿರಬೇಕು, ಆಳವಾಗಿರಬೇಕು, ಹರಿವು ಇರಬೇಕು, ಆದರೆ ಅಲೆಯ ಹೊಡೆತ ಇರಬಾರದು. ಇನ್ನೊಂದು ಕಾರಣ ಕಣ್ಣುಗಳು. ಒಂದು ಈಲ್ ತಲೆ ಮೇಲೆತ್ತಿ ಕೋಪೆಪಾಡ್ ನೋಡುತ್ತಿರುವಾಗ ಅಪಾಯವನ್ನು ಕಾಯಲು ಸುತ್ತ ನೂರು ಜೊತೆ ಕಣ್ಣುಗಳಿವೆ. ಒಂದು ಇಳಿದರೆ ಪಕ್ಕದ್ದು ಇಳಿಯುತ್ತದೆ, ಅದರ ಪಕ್ಕದ್ದೂ. ನೀವು ನೋಡಿದ್ದು ಇದನ್ನೇ: ಗದ್ದೆಯ ನೇಜಿಯ ಮೇಲೆ ಗಾಳಿ ಓಡಿದಂತೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬುವ ಮುಳುಗು. ಗುಂಪಿನಲ್ಲಿದ್ದ ಮಾತ್ರಕ್ಕೆ ಎಲ್ಲರೂ ಅನ್ಯೋನ್ಯ ಅಂತಲ್ಲ. ಒಂದೊಂದಕ್ಕೂ ತನ್ನ ಬಿಲದ ಸುತ್ತ ಮೈ ಚಾಚಿದಷ್ಟು ದೂರ ತನ್ನದೇ ಅಂಗಳ. ಗಂಡುಗಳು ಹೆಣ್ಣುಗಳಿಗಿಂತ ದೊಡ್ಡವು. ನೆರೆಯ ಗಂಡು ಮಿತಿ ಮೀರಿ ಬಾಗಿದರೆ ಇದು ಅದರತ್ತ ಚಿಮ್ಮಿ ಕಚ್ಚುತ್ತದೆ. ಜಗಳವಾಡುವಾಗಲೂ ಎರಡರ ಬಾಲವೂ ಮರಳಲ್ಲೇ.

ಮೇಲಿನಿಂದ ಬರುವ ಶತ್ರುವಿಗೆ ಬಿಲ ಸಾಕು. ಹಾಗೆಂದು ಬಿಲ ಕೋಟೆಯೇನೂ ಅಲ್ಲ. ಟ್ರಿಗರ್ ಮೀನು ಬಾಯಿಂದ ನೀರು ಊದಿ ಮರಳು ಕೆದಕುತ್ತದೆ. ಅದಕ್ಕಿಂತ ಭಯಂಕರ ಶತ್ರು ನೆಲದೊಳಗಿನಿಂದಲೇ ಬರುತ್ತದೆ. ಸ್ನೇಕ್ ಈಲ್ ಎಂಬ, ತಾನೂ ಮರಳು ಕೊರೆದು ಓಡಾಡುವ ದೊಡ್ಡ ಈಲ್ ಕೆಳಗಿನಿಂದ ಬಂದು ಇವನ್ನು ಅವುಗಳ ಮನೆಯಲ್ಲೇ ಹಿಡಿಯುತ್ತದೆ. ಎಲ್ಲ ಅಪಾಯಕ್ಕೂ ಒಳಗೆ ಹೋಗುವುದೊಂದೇ ಉತ್ತರವೆಂದು ನಂಬಿದ ಪ್ರಾಣಿಗೆ ಒಳಗಿಂದಲೇ ಬರುವ ಬಾಯಿ. ನೀರೊಳಗೆ ನನ್ನ ಮನಸ್ಸನ್ನು ಕಲಕಿದ ಸಂಗತಿಗಳಲ್ಲಿ ಇದೂ ಒಂದು.

ಇನ್ನು ಸಂಸಾರ. ಗಂಡು ಹೆಣ್ಣು ಎರಡೂ ತಂತಮ್ಮ ಬಿಲದಲ್ಲಿ ನೆಟ್ಟುಕೊಂಡಿರುವಾಗ ಸೇರುವುದು ಹೇಗೆ ಅಂತ ಕೇಳಿದ್ದೀರಿ. ಮನೆಗಳನ್ನೇ ಹತ್ತಿರ ತಂದುಕೊಳ್ಳುತ್ತವೆ. ಜೋಡಿಯಾಗುವ ಕಾಲಕ್ಕೆ ಬಿಲಗಳ ನಡುವಿನ ದೂರ ಕಡಿಮೆಯಾಗುತ್ತ ಬರುತ್ತದೆ. ಕೊನೆಗೆ ಚಾಚಿದರೆ ತಾಗುವಷ್ಟು ಹತ್ತಿರವಾದಾಗ ಎರಡೂ ಮೈಯುದ್ದ ಎದ್ದು, ಒಂದಕ್ಕೊಂದು ಹಗ್ಗ ಹೊಸೆದಂತೆ ಸುತ್ತಿಕೊಳ್ಳುತ್ತವೆ. ಬಾಲದ ತುದಿಗಳು ಆಗಲೂ ಒಳಗೆ. ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ, ಮೊಟ್ಟೆಗಳು ತೇಲಿಹೋಗುತ್ತವೆ. ಅಪ್ಪ ಅಮ್ಮನ ಆರೈಕೆ ಅಲ್ಲಿಗೆ ಮುಗಿಯಿತು.

ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನು ಮುಂದಿನದು. ದೊಡ್ಡದಾದ ಮೇಲೆ ಬಿಲದ ಆಸುಪಾಸು ಬಿಟ್ಟು ಕದಲದ ಈ ಮೀನು, ಮರಿಯಾಗಿದ್ದಾಗ ತೆರೆದ ಕಡಲಿನ ಅಲೆಮಾರಿ. ಮೊಟ್ಟೆಯಿಂದ ಬೆಳೆಯುವುದು ಈಲ್‌ನ ಹೋಲಿಕೆಯೇ ಇಲ್ಲದ ಒಂದು ಲಾರ್ವಾ. ಹೆಸರು ಲೆಪ್ಟೊಸೆಫಾಲಸ್. ಅಶ್ವತ್ಥದ ಎಲೆಯನ್ನು ನೀರಲ್ಲಿ ನೆನೆಹಾಕಿ ಹಸಿರೆಲ್ಲ ಕಳೆದ ಮೇಲೆ ಉಳಿಯುವ ಜಾಲರಿಯನ್ನು ನೋಡಿದ್ದೀರಲ್ಲ, ಹಾಗೆ ಚಪ್ಪಟೆ, ಪಾರದರ್ಶಕ. ತಲೆ ಮೈಗೆ ಹೋಲಿಸಿದರೆ ಚುಕ್ಕೆಯಷ್ಟು. ರಕ್ತದಲ್ಲಿ ಕೆಂಪು ಕಣಗಳೇ ಇಲ್ಲ, ಹಾಗಾಗಿ ಮೈಯಲ್ಲಿ ಎಲ್ಲೂ ಕೆಂಪಿಲ್ಲ. ಅದರ ಹಿಂದೆ ಪುಸ್ತಕವಿಟ್ಟು ನೋಡಿದರೆ ಅಕ್ಷರ ಓದಬಹುದು. ಹರಿವು ಕರೆದೊಯ್ದ ಕಡೆಗೆ ತೇಲಿ, ಬೆಳೆದು, ಒಂದು ಹಂತದಲ್ಲಿ ರೂಪ ಬದಲಿಸುತ್ತದೆ: ಎಲೆ ಮಡಚಿ ಕಡ್ಡಿಯಾಗುತ್ತದೆ. ಆಮೇಲೆ ನೆಲಕ್ಕೆ ಇಳಿದು, ಬಾಲ ಊರಿ, ತನ್ನ ಮೊದಲ ಬಿಲ ತೋಡುತ್ತದೆ.

ಎಲ್ಲ ಈಲ್‌ಗಳ ಬಾಲ್ಯವೂ ಹೀಗೆಯೇ. ಬಹಳ ಕಾಲ ವಿಜ್ಞಾನಿಗಳೂ ಈ ಗಾಜಿನೆಲೆಯನ್ನು ಬೇರೆಯೇ ಮೀನೆಂದು ತಿಳಿದು, ಅದಕ್ಕೆಂದೇ ಲೆಪ್ಟೊಸೆಫಾಲಸ್ ಎಂಬ ಹೆಸರಿಟ್ಟಿದ್ದರು. 1890ರ ದಶಕದಲ್ಲಿ ಇಟಲಿಯ ಜೊವಾನ್ನಿ ಗ್ರಾಸ್ಸಿ ಮತ್ತು ಸಾಲ್ವತೊರೆ ಕಲಾಂದ್ರುಚ್ಚೊ ಅವರು ಅಂಥ ಲಾರ್ವಾ ಈಲ್ ಆಗಿ ಮಾರ್ಪಡುವುದನ್ನು ಕಣ್ಣಾರೆ ಕಂಡು ಹೇಳಿದ ಮೇಲೆ ಗೊಂದಲ ತಿಳಿಯಾಯಿತು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಸಿಗುವ ಹಾವುಮೀನು, ತುಳುವಿನ ‘ಮಲೆಂಜಿ’, ಇದೆಯಲ್ಲ? ಅದರ ಬದುಕೂ ಇಂಥದ್ದೇ ಎಲೆಯಾಗಿ ಕಡಲಲ್ಲಿ ಶುರುವಾಗುವುದು. ಮಲೆಂಜಿ ಆಮೇಲೆ ನದಿ ಹತ್ತಿ ಘಟ್ಟದ ಬುಡದವರೆಗೆ ಬಂದು ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತದೆ. ಗಾರ್ಡನ್ ಈಲ್ ಒಂದು ಬೊಗಸೆ ಮರಳಲ್ಲಿ ನೆಲೆ ನಿಲ್ಲುತ್ತದೆ. ಶುರುವಾಗುವ ರೂಪ ಒಂದೇ, ಹಿಡಿಯುವ ದಾರಿಗಳು ಎಷ್ಟು ಬೇರೆ!

ಇಷ್ಟೆಲ್ಲ ನಮಗೆ ತಿಳಿದದ್ದು ತೀರ ಈಚೆಗೆ. ಡಚ್ ಮೀನುತಜ್ಞ ಪೀಟರ್ ಬ್ಲೀಕರ್ 1868ರಲ್ಲೇ ಒಂದು ಗಾರ್ಡನ್ ಈಲನ್ನು ವಿವರಿಸಿ ಹೆಟೆರೊಕಾಂಗರ್ ಎಂಬ ಕುಲದ ಹೆಸರನ್ನು ಕೊಟ್ಟಿದ್ದರು. ಆದರೆ ಸ್ಪಿರಿಟ್ಟಿನ ಸೀಸೆಯಲ್ಲಿ ಸುರುಳಿ ಸುತ್ತಿದ ಮೀನನ್ನು ನೋಡಿ ಅದು ಹರಿವಿಗೆ ತೂಗಾಡುವುದನ್ನು ಊಹಿಸಲಾದೀತೇ? ಬಲೆ ಬಂದರೆ ಇವು ಕೆಳಗಿಳಿಯುತ್ತವೆ, ಬಲೆ ಮೇಲೆ ಸವರಿಕೊಂಡು ಹೋಗುತ್ತದೆ. ಮನುಷ್ಯನೇ ಕೆಳಗೆ ಇಳಿದು ಉಸಿರಾಡುತ್ತ ಸುಮ್ಮನೆ ಕೂರುವುದು ಸಾಧ್ಯವಾಗುವವರೆಗೆ ಕಾಯಬೇಕಾಯಿತು. 1943ರಲ್ಲಿ ಫ್ರಾನ್ಸಿನಲ್ಲಿ ಕೂಸ್ತೊ ಮತ್ತು ಗಾನ್ಯಾನ್ ರೂಪಿಸಿದ ಅಕ್ವಾಲಂಗ್ ಉಪಕರಣ ಅದನ್ನು ಸಾಧ್ಯವಾಗಿಸಿತು. 1957–58ರಲ್ಲಿ ಆಸ್ಟ್ರಿಯದ ಡೈವರ್ ಹಾನ್ಸ್ ಹಾಸ್ ಅವರ ‘ಕ್ಸಾರಿಫಾ’ ಹಡಗು ಕೆಂಪು ಸಮುದ್ರದಿಂದ ಮಾಲ್ಡೀವ್ಸ್, ನಿಕೋಬಾರ್‌ಗಳವರೆಗೆ ಬಂದಾಗ, ಅದರಲ್ಲಿದ್ದ ವಿಜ್ಞಾನಿಗಳಾದ ಕ್ಲಾಉಸೆವಿಟ್ಸ್ ಮತ್ತು ಐಬ್ಲ್-ಐಬೆಸ್ಫೆಲ್ಟ್ ಈ ಬಯಲುಗಳನ್ನು ನೀರೊಳಗೇ ನೋಡಿದರು. 1959ರಲ್ಲಿ ಮಾಲ್ಡೀವ್ಸ್ ಮತ್ತು ನಿಕೋಬಾರಿನ ಹೊಸ ಗಾರ್ಡನ್ ಈಲ್‌ಗಳ ಬಗ್ಗೆ ಅವರು ಬರೆದ ಲೇಖನದಲ್ಲೇ ನಿಮ್ಮ ಚುಕ್ಕೆ ಈಲಿಗೆ ಹೆಸರು ಬಂತು. ‘ಹಾಸ್ಸಿ’ ಅಂದರೆ ಹಾಸ್ ಅವರ ನೆನಪಿಗೆ. ಅಂದರೆ ನೀವು ಇದನ್ನು ನೋಡಿದ್ದು ವಿಜ್ಞಾನವೂ ಇದನ್ನು ಗುರುತಿಸಿದ ಕಡಲಿನಲ್ಲೇ. ಇದರ ಬಂಧುಗಳಿಗೆ ನಮ್ಮ ನಿಕೋಬಾರಿನ ನೀರೂ ತವರು.

ಮಗನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ: ಬೇಡ. ಅವನ ಆಸೆ ನನಗೆ ಅರ್ಥವಾಗುತ್ತದೆ, ಆ ವಯಸ್ಸಿನಲ್ಲಿ ನನಗೂ ಇಂಥ ಆಸೆಗಳಿದ್ದವು. ಆದರೆ ಇದಕ್ಕೆ ಬೇಕಾಗುವುದು ಉಪ್ಪುನೀರಿನ ದೊಡ್ಡ ತೊಟ್ಟಿ, ಒಂದು ಗೇಣಾದರೂ ಆಳದ ನಯ ಮರಳು, ಸದಾ ಒಂದೇ ಹದದಲ್ಲಿ ಹರಿಯುವ ನೀರು, ಒಂದಲ್ಲ ಹತ್ತಾರು ಜೊತೆಗಾರರು, ಮತ್ತು ದಿನಕ್ಕೆ ಹಲವು ಸಲ ಹರಿವಿನಲ್ಲಿ ತೇಲಿಬರುವ ಸೂಕ್ಷ್ಮ ಆಹಾರ. ನೆಲಕ್ಕೆ ಬಿದ್ದ ತುತ್ತನ್ನು ಹುಡುಕಿ ತಿನ್ನುವ ಅಭ್ಯಾಸ ಇದಕ್ಕಿಲ್ಲ. ತೊಟ್ಟಿಯಲ್ಲಿ ಚುರುಕಾಗಿ ಓಡಾಡುವ ಬೇರೆ ಮೀನಿದ್ದರೆ ಹೆದರಿ ತಲೆಯೇ ಎತ್ತುವುದಿಲ್ಲ. ಮನೆಯ ತೊಟ್ಟಿಯಲ್ಲಿ ಇದು ಸಾಮಾನ್ಯವಾಗಿ ಹಸಿವಿನಿಂದ ಸಾಯುತ್ತದೆ, ಅದೂ ಯಾರ ಕಣ್ಣಿಗೂ ಕಾಣದಂತೆ, ಮರಳೊಳಗೆ.

ಅವನಿಗೆ ಒಂದು ನಿಜವಾದ ಕಥೆ ಹೇಳಿ. ಟೋಕಿಯೋದ ಸುಮಿದಾ ಅಕ್ವೇರಿಯಂನಲ್ಲಿ ಸುಮಾರು 300 ಗಾರ್ಡನ್ ಈಲ್‌ಗಳಿವೆ. ಜಪಾನಿಯರು ಇವನ್ನು ‘ಚಿನ್ ಅನಾಗೊ’ ಎನ್ನುತ್ತಾರೆ. ಮುಖ ಚಿನ್ ಜಾತಿಯ ಪುಟ್ಟ ನಾಯಿಯದರಂತಿದೆ ಎಂದು ಆ ಹೆಸರು. ನಾಲ್ಕು ಈಲ್ ಸಾಲಾಗಿ ನಿಂತರೆ 11-11ರಂತೆ ಕಾಣುತ್ತದೆಂದು ಅಲ್ಲಿ ನವೆಂಬರ್ 11 ಇವುಗಳ ದಿನ. ದಿನವೂ ಸಾವಿರಾರು ಮುಖಗಳನ್ನು ಗಾಜಿನಾಚೆ ನೋಡಿ ನೋಡಿ ಆ ಈಲ್‌ಗಳು ಮನುಷ್ಯರಿಗೆ ಹೆದರುವುದನ್ನು ಬಿಟ್ಟಿದ್ದವು. 2020ರಲ್ಲಿ ಕೊರೊನಾದಿಂದ ಅಕ್ವೇರಿಯಂ ಮುಚ್ಚಿತು. ಕೆಲವೇ ವಾರಗಳಲ್ಲಿ, ಊಟ ಹಾಕುವ ಸಿಬ್ಬಂದಿ ಹತ್ತಿರ ಬಂದರೂ ಈಲ್‌ಗಳು ಬಿಲ ಸೇರತೊಡಗಿದವು. ಆರೋಗ್ಯ ತಪಾಸಣೆಗೂ ಕಾಣಸಿಗದಾದವು. ಆ ಮೇ ತಿಂಗಳ ಮೊದಲ ವಾರ ಸಿಬ್ಬಂದಿ ತೊಟ್ಟಿಯ ಮುಂದೆ ಟ್ಯಾಬ್ಲೆಟ್‌ಗಳನ್ನು ನಿಲ್ಲಿಸಿ, ದಯವಿಟ್ಟು ವಿಡಿಯೋ ಕರೆ ಮಾಡಿ ಈಲ್‌ಗಳಿಗೆ ನಿಮ್ಮ ಮುಖ ತೋರಿಸಿ, ಕೈ ಬೀಸಿ, ಮೆಲ್ಲಗೆ ಮಾತನಾಡಿಸಿ ಎಂದು ಜನರನ್ನು ಕೇಳಿಕೊಂಡರು. ಇದನ್ನು ಬರೀ ಮುದ್ದಾದ ಸುದ್ದಿಯಾಗಿ ಓದಿದವರೇ ಹೆಚ್ಚು. ನನಗೆ ಕಂಡದ್ದು ಬೇರೆ. ಮನುಷ್ಯ ಅಪಾಯವಲ್ಲ ಎಂಬುದು ಈ ಮೀನು ಕಲಿಯಬಲ್ಲ ಪಾಠ. ಪುನರಾವರ್ತನೆ ನಿಂತರೆ ಮರೆಯಬಲ್ಲ ಪಾಠವೂ ಹೌದು. ಎಷ್ಟು ಹೊರಗೆ, ಎಷ್ಟು ಒಳಗೆ ಎಂಬ ಆ ಲೆಕ್ಕದಲ್ಲಿ ಅನುಭವವೂ ಸೇರುತ್ತದೆ ಎಂದಾಯಿತು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಡೈವಿಂಗ್ ಹೋದವರು ಹವಳ ನೋಡುತ್ತಾರೆ. ಹವಳ ಮುಗಿದಲ್ಲಿ ‘ಇನ್ನೇನಿಲ್ಲ, ಬರೀ ಮರಳು’ ಎಂದು ತಿರುಗಿಬಿಡುತ್ತಾರೆ. ಈ ‘ಬರೀ ಮರಳು’ ಎಂಬ ಮಾತು ನನಗೆ ನೋವು ಕೊಡುತ್ತದೆ. ಮಾಲ್ಡೀವ್ಸ್‌ನ ಆ ಬಿಳಿ ಮರಳು ಹವಳವನ್ನು ಕಡಿದು ಅರೆದು ವಿಸರ್ಜಿಸುವ ಗಿಳಿಮೀನುಗಳ ದುಡಿಮೆ. ವಕ್ಕಾರು ದ್ವೀಪದ ಸುತ್ತಲಿನ ದಿಬ್ಬದಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ 85%ಕ್ಕೂ ಹೆಚ್ಚು ಅವುಗಳಿಂದಲೇ ಬರುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಗಿಳಿಮೀನು ಅರೆದ ಹವಳದಲ್ಲಿ ಈಲ್ ಮನೆ ಕಟ್ಟುತ್ತದೆ. ಚುಕ್ಕೆ ಗಾರ್ಡನ್ ಈಲ್ ಇಂದು ಅಳಿವಿನ ಅಂಚಿನಲ್ಲಿಲ್ಲ, ಅದು ಸಮಾಧಾನದ ಸಂಗತಿ. ಆದರೆ ಅದೇ ದೇಶದಲ್ಲಿ 1997ರಿಂದ ಹುಲ್ಹುಮಾಲೆಯಂಥ ನೆಲವನ್ನು ಕಡಲಿನಿಂದ ಮರಳು ಮೊಗೆದು ಹಾಕಿ ಎಬ್ಬಿಸಲಾಗುತ್ತಿದೆ. ಜನಕ್ಕೆ ಇರಲು ಜಾಗ ಬೇಕು, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಎಲ್ಲಿಂದ ಮೊಗೆಯಬೇಕೆಂದು ತೀರ್ಮಾನಿಸುವವರು ನಕಾಶೆಯಲ್ಲಿ ಮರಳು ಕಂಡ ಕಡೆಯೆಲ್ಲ ‘ಖಾಲಿ’ ಎಂದು ಬರೆದುಕೊಳ್ಳಬಾರದು, ಅಷ್ಟೆ. ಬಲೆ ಬಂದರೆ ಕೆಳಗಿಳಿದು ಉಳಿದುಕೊಳ್ಳುವ ಮೀನು, ಮರಳನ್ನೇ ಎತ್ತಿದರೆ ಎಲ್ಲಿಗೆ ಇಳಿಯಬೇಕು?

ಮುಂದಿನ ಸಲ ಹೋದಾಗ ಹೀಗೆ ಮಾಡಿ. ಈಲ್‌ಗಳ ಬಯಲು ಕಂಡ ಕೂಡಲೇ ಅವುಗಳತ್ತ ಈಜಬೇಡಿ. ಐದಾರು ಮೀಟರ್ ಈಚೆಗೇ ನಿಂತು, ಕೆಳಗೆ ಈಲ್‌ಗಳೂ ಹವಳವೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ ಮರಳಿಗೆ ಇಳಿಯಿರಿ. ಫಿನ್ ಆಡಿಸಬೇಡಿ. ಕೈ ಎದೆಗೆ ಕಟ್ಟಿಕೊಳ್ಳಿ. ಉಸಿರು ಹಿಡಿಯಬೇಡಿ, ಸ್ಕೂಬಾದಲ್ಲಿ ಅದು ಅಪಾಯ. ನಿಧಾನವಾಗಿ, ಒಂದೇ ಸಮನೆ ಬಿಡಿ. ಗುಳ್ಳೆಗಳ ಸದ್ದಿಗೆ ಹತ್ತಿರದವು ಇಳಿಯುತ್ತವೆ, ಇಳಿಯಲಿ. ಕಣ್ಣನ್ನು ಹತ್ತಿರದ ಬಿಲಗಳ ಮೇಲಿಡದೆ ಬಯಲಿನ ಆಚೆ ತುದಿಯಲ್ಲಿಡಿ. ಮೊದಲು ಏಳುವುದು ಅಲ್ಲಿಯವು. ಅವನ್ನು ನೋಡಿ ಈಚೆಯವು, ಆಮೇಲೆ ಇನ್ನೂ ಈಚೆಯವು. ಹತ್ತು ನಿಮಿಷದಲ್ಲಿ ನಿಮ್ಮ ಮೊಣಕೈಯಿಂದ ಎರಡು ಮೀಟರ್ ದೂರದಲ್ಲಿ ಎರಡು ದೊಡ್ಡ ಕಣ್ಣುಗಳು ಮರಳಿನಿಂದ ಮೇಲೆ ಬಂದರೂ ಬರಬಹುದು. ಕೊರಳು ಕೆಳಗಿನ ಎರಡನೆಯ ಮಚ್ಚೆ ಕಾಣುವವರೆಗೂ ಅಲ್ಲಾಡಬೇಡಿ.